ರೇಟಿಂಗ್ ಇಲ್ಲದ ಹವ್ಯಾಸ

ಪ್ಲೇಸ್‌ಮೆಂಟ್ ಸೀಸನ್ ಹತ್ತಿರ ಬಂದರೆ ಸಾಕು, ನಮ್ಮ ಹವ್ಯಾಸಗಳಿಗೂ ಪರೀಕ್ಷೆ ಶುರುವಾಗುತ್ತದೆ. ರೆಸ್ಯೂಮ್‌ನ ಕೊನೆಯಲ್ಲಿ 'ಹವ್ಯಾಸಗಳು' ಎಂಬ ಸಾಲಿನ ಮುಂದೆ ಏನು ಬರೆದರೆ ಚೆನ್ನ ಎಂದು ಸೀನಿಯರ್‌ಗಳನ್ನು ಕೇಳುತ್ತೇವೆ. ಚೆಸ್ ಎಂದರೆ ಬುದ್ಧಿವಂತ, ಕ್ರಿಕೆಟ್ ಎಂದರೆ ನಾಲ್ಕು ಜನರ ಜೊತೆ ಹೊಂದಿಕೊಳ್ಳುವವ, ಓದು ಎಂದರೆ ಗಂಭೀರ ಸ್ವಭಾವದವ. 'ರೈಲು ನೋಡುವುದು' ಎಂದು ಬರೆದರೆ? ಇದನ್ನು ಹೇಳಿದಾಗ ಗೆಳೆಯರು ನಕ್ಕರು. 'ರೈಲಲ್ಲಿ ಹೋಗೋದು ಗೊತ್ತು, ಬರೀ ನೋಡೋದು ಏನೋ?' ಎಂದರು.

ನಾಲ್ಕು ವರ್ಷ ನಾನು ಆನ್‌ಲೈನ್ ಚೆಸ್ ಆಡಿದೆ. ಅದು ಒಳ್ಳೆಯ ಆಟ, ನನ್ನದೇನೂ ದೂರಿಲ್ಲ. ಆದರೆ ಪ್ರತಿ ಆಟ ಮುಗಿದ ಕೂಡಲೇ ರೇಟಿಂಗ್ ಎಂಟು ಅಂಕ ಏರಿತೋ ಇಳಿಯಿತೋ ಎಂದು ಮೊಬೈಲ್ ತೋರಿಸುತ್ತದೆ. ಕಾಲೇಜಿನಲ್ಲಿ ಇಂಟರ್ನಲ್ಸ್ ಅಂಕ, ಸೆಮಿಸ್ಟರ್ ಕೊನೆಗೆ ಸಿಜಿಪಿಎ, ಕೋಡಿಂಗ್ ಸೈಟಿನಲ್ಲಿ ರ‍್ಯಾಂಕ್. ದಣಿವಾರಿಸಿಕೊಳ್ಳಲು ಆಡುವ ಆಟದಲ್ಲೂ ಇನ್ನೊಂದು ಅಂಕಪಟ್ಟಿ ಬೇಕೆನಿಸಲಿಲ್ಲ. ಎರಡನೇ ವರ್ಷದಲ್ಲಿ ಆ್ಯಪ್ ತೆಗೆದುಹಾಕಿದೆ. ಅದು ಖಾಲಿ ಮಾಡಿದ ಜಾಗಕ್ಕೆ ರೈಲು ಬಂತು.

ನಾನು ಹೆಚ್ಚಾಗಿ ಹೋಗುವುದು ಅರಸೀಕೆರೆ ಜಂಕ್ಷನ್‌ಗೆ. ಬೆಂಗಳೂರು–ಹುಬ್ಬಳ್ಳಿ ಮಾರ್ಗದಿಂದ ಹಾಸನದ ಕಡೆಗೆ ಹಳಿ ಕವಲೊಡೆಯುವುದು ಇಲ್ಲೇ. 10 ರೂಪಾಯಿಯ ಪ್ಲಾಟ್‌ಫಾರ್ಮ್ ಟಿಕೆಟ್ ಕೊಂಡರೆ ಎರಡು ಗಂಟೆ ಕೂರಬಹುದು. ರೈಲು ತಡವಾದರೆ ಪ್ರಯಾಣಿಕರಿಗೆ ಬೇಸರ, ನನಗೆ ಇನ್ನೊಂದು ಟೀ.

ಮೊದಮೊದಲು ಎಲ್ಲ ರೈಲೂ ಒಂದೇ ಥರ ಕಂಡವು. ಆಮೇಲೆ ಅಕ್ಷರಗಳು ಅರ್ಥವಾಗತೊಡಗಿದವು. ಎಂಜಿನ್ ಮೇಲೆ 'ಡಬ್ಲ್ಯುಎಪಿ-7' ಎಂದಿದ್ದರೆ ಡಬ್ಲ್ಯು ಎಂದರೆ ಬ್ರಾಡ್‌ಗೇಜ್, ಎ ಎಂದರೆ ಎ.ಸಿ. ವಿದ್ಯುತ್, ಪಿ ಎಂದರೆ ಪ್ಯಾಸೆಂಜರ್. ಪಿ ಬದಲು ಜಿ ಇದ್ದರೆ ಗೂಡ್ಸ್. ಕೊನೆಯ ಬೋಗಿಯ ಬೆನ್ನ ಮೇಲಿನ ದೊಡ್ಡ 'ಎಕ್ಸ್' ಗುರುತು ಅಲಂಕಾರಕ್ಕಲ್ಲ. ಅದು ಕಂಡರೆ ಇಡೀ ರೈಲು ಬಂದಿದೆ, ನಡುದಾರಿಯಲ್ಲಿ ಯಾವ ಬೋಗಿಯೂ ಕಳಚಿ ಉಳಿದಿಲ್ಲ ಎಂದು ನಿಲ್ದಾಣದವರಿಗೆ ಖಾತ್ರಿಯಾಗುತ್ತದೆ. ನಿಲ್ಲದೆ ಹೋಗುವ ಗೂಡ್ಸ್ ಗಾಡಿಗೂ ಒಬ್ಬರು ಹಸಿರು ಬಾವುಟ ಹಿಡಿದು ನಿಲ್ಲುತ್ತಾರೆ. ಅತ್ತ ಸಕಲೇಶಪುರ–ಸುಬ್ರಹ್ಮಣ್ಯ ರಸ್ತೆ ನಡುವಿನ ಘಾಟಿಯಲ್ಲಿ 50 ಮೀಟರ್ ಸಾಗಿದರೆ ಒಂದು ಮೀಟರ್ ಏರು, ದಾರಿಯಲ್ಲಿ 57 ಸುರಂಗ. ಅಲ್ಲಿ ಭಾರದ ಗಾಡಿ ಮೇಲೇರಬೇಕಾದರೆ ಹಿಂದಿನಿಂದ ತಳ್ಳಲು ಬ್ಯಾಂಕರ್ ಎಂಜಿನ್‌ಗಳು ಬೇಕು.

ಇಲ್ಲೂ ಎಲ್ಲ ಸಂಖ್ಯೆಯೇ ಅಲ್ಲವೇ ಎಂದು ನೀವು ಕೇಳಬಹುದು. ಹೌದು. ಡಬ್ಲ್ಯುಎಪಿ-7ಕ್ಕೆ 6,350 ಅಶ್ವಶಕ್ತಿ, ಹಳಿಗಳ ನಡುವೆ 1,676 ಮಿಲಿಮೀಟರ್, ಹುಬ್ಬಳ್ಳಿಯ ಪ್ಲಾಟ್‌ಫಾರ್ಮ್ 1,507 ಮೀಟರ್ ಉದ್ದ. ಆದರೆ ಇವುಗಳಲ್ಲಿ ಒಂದೂ ನನ್ನ ಬಗ್ಗೆ ಅಲ್ಲ. ನಾನು ಚೆನ್ನಾಗಿ ನೋಡಿದೆನೆಂದು ರೈಲು ಬೇಗ ಬರುವುದಿಲ್ಲ, ಸರಿಯಾಗಿ ನೋಡಲಿಲ್ಲವೆಂದು ನಿಲ್ಲುವುದೂ ಇಲ್ಲ. ಇಪ್ಪತ್ತರ ವಯಸ್ಸಿನಲ್ಲಿ ಇದು ಎಷ್ಟು ದೊಡ್ಡ ನಿರಾಳ ಎಂಬುದು ದಿನಕ್ಕೆ ಮೂರು ಸಲ ರಿಸಲ್ಟ್ ವೆಬ್‌ಸೈಟ್ ತೆರೆದು ನೋಡುವವರಿಗೆ ಗೊತ್ತು.

ಮನೆಯಲ್ಲಿ, 'ಇದರಿಂದ ಏನು ಉಪಯೋಗ?' ಎಂದು ಅಪ್ಪ ಕೇಳಿದ್ದರು. ಉತ್ತರ ಕೊಡುವುದು ಸುಲಭವಿತ್ತು. ನಾನು ಓದುತ್ತಿರುವುದು ಎಲೆಕ್ಟ್ರಿಕಲ್. ಮೇಲಿನ ತಂತಿಯ 25,000 ವೋಲ್ಟ್ ಸಿಂಗಲ್ ಫೇಸ್ ವಿದ್ಯುತ್ ಎಂಜಿನ್ ಒಳಗೆ ತ್ರೀ ಫೇಸ್ ಆಗಿ ಇಂಡಕ್ಷನ್ ಮೋಟಾರ್ ತಿರುಗಿಸುವುದನ್ನು ವಿವರಿಸಿದ್ದರೆ ಅವರೂ ಒಪ್ಪುತ್ತಿದ್ದರು. ನಾನು ಹಾಗೆ ಹೇಳಲಿಲ್ಲ. 'ಖುಷಿಯಾಗುತ್ತೆ ಅಪ್ಪ' ಎಂದೆ ಅಷ್ಟೆ. ಪ್ರತಿ ಖುಷಿಗೂ ಉಪಯೋಗದ ಸರ್ಟಿಫಿಕೇಟ್ ಲಗತ್ತಿಸುತ್ತಾ ಹೋದರೆ ಕೊನೆಗೆ ನಮಗೆ ಉಳಿಯುವುದು ಸರ್ಟಿಫಿಕೇಟ್‌ಗಳು ಮಾತ್ರ. ಹವ್ಯಾಸ ಕೌಶಲವಾದರೆ ಆಗಲಿ, ಆಗಲೇಬೇಕೆಂಬ ಷರತ್ತು ಬೇಡ.

ಒಂದು ಮಾತು ಖಡಾಖಂಡಿತವಾಗಿ ಹೇಳಬೇಕು. ಹಳಿಯ ಮೇಲೆ ನಿಂತು ರೀಲ್ಸ್ ಮಾಡುವುದು ರೈಲು ನೋಡುವುದಲ್ಲ. ಅಲ್ಲಿ ನೋಡುತ್ತಿರುವುದು ನಮ್ಮನ್ನೇ. 1989ರ ರೈಲ್ವೆ ಕಾಯ್ದೆಯ ಪ್ರಕಾರ ಹಳಿಯ ಮೇಲೆ ಅತಿಕ್ರಮ ಪ್ರವೇಶಕ್ಕೆ ಆರು ತಿಂಗಳವರೆಗೆ ಜೈಲು ಆಗಬಹುದು. ಜೈಲಿಗಿಂತ ದೊಡ್ಡ ಅಪಾಯ ಏನೆಂದು ಬಿಡಿಸಿ ಹೇಳಬೇಕಿಲ್ಲ. ಹಳದಿ ಗೆರೆಯ ಹಿಂದಿನ ಕಲ್ಲುಬೆಂಚಿನಿಂದಲೇ ರೈಲು ಚೆನ್ನಾಗಿ ಕಾಣುತ್ತದೆ.

ಒಂದು ಹವ್ಯಾಸ ಬಿಟ್ಟು ಇನ್ನೊಂದು ಹಿಡಿದರೆ 'ಯಾವುದರಲ್ಲೂ ನಿಲ್ಲುವುದಿಲ್ಲ ಇವನು' ಎನ್ನುವವರಿದ್ದಾರೆ. ಬ್ರಾಂಚ್ ಬದಲಿಸುವುದು ಕಷ್ಟ, ಕೆಲಸ ಬದಲಿಸುವುದು ಇನ್ನೂ ಕಷ್ಟ. ಯಾರ ಅನುಮತಿಯೂ ಇಲ್ಲದೆ ಬದಲಿಸಬಹುದಾದದ್ದು ಹವ್ಯಾಸ ಒಂದೇ, ಅದನ್ನಾದರೂ ಧೈರ್ಯವಾಗಿ ಬದಲಿಸೋಣ. ಕೆಲಸ ಹುಡುಕುವ ಈ ವರ್ಷಗಳಲ್ಲಿ ನಮ್ಮನ್ನು ಅಳೆಯುವವರು ಬೇಕಾದಷ್ಟು ಜನರಿದ್ದಾರೆ. ವಾರಕ್ಕೆ ಎರಡು ಗಂಟೆ ಯಾರ ಅಳತೆಗೂ ಸಿಗದೆ ಕೂರಲು ಒಂದು ಜಾಗ ಹುಡುಕಿಕೊಳ್ಳಿ. ನಿಮಗೆ ಅದು ಕೆರೆ ಏರಿಯಾಗಬಹುದು, ಊರಾಚೆಯ ಗುಡ್ಡವಾಗಬಹುದು. ನನಗೆ ಸದ್ಯಕ್ಕೆ ಅರಸೀಕೆರೆಯ ಪ್ಲಾಟ್‌ಫಾರ್ಮ್ ಸಾಕು.