ನಳಿಕೆಯೊಳಗಿನ ಮೋಸ (ಭಾಗ 3)

‘ಯಾವ ನಳಿಕೆ ಬೆಸ್ಟ್’ ಅಂತ ಬಂದೂಕಿನ ರೀಲ್ಸ್ ಕೆಳಗ ಜಗಳಾಡೋರೇ, ಸ್ವಲ್ಪ ಕೇಳ್ರಿ. ನಳಿಕೆ ಆರಿಸೋದು ಬರೀ ಗುರಿಯ ಪ್ರಶ್ನೆ ಅಲ್ಲ, ಯಾರನ್ನ ನಂಬೋದು ಅನ್ನೋ ಪ್ರಶ್ನೆ.

1853ರ ಎನ್‌ಫೀಲ್ಡ್ ಬಂದೂಕಿಗೆ ಮದ್ದು-ಗುಂಡು ಕೈಯಾರೆ ತುಂಬಬೇಕಿತ್ತು. ನಳಿಕೆಯೊಳಗ ಸುರುಳಿ ಗೀರು; ಗುಂಡು ತಿರುಗುತ್ತ ನೆಟ್ಟಗ, ದೂರ ಹೋಗ್ತಿತ್ತು. ಅದರ ಕಾಡತೂಸಿನ ಕೊಬ್ಬಿನಿಂದ 1857ರ ದಂಗೆ ಎದ್ದಿತು ಅಂತ ಶಾಲ್ಯಾಗ ಓದೀವಿ. ಮುಂದಿನದು?

1858ರಾಗ ನರಗುಂದದ ಬಾಬಾಸಾಹೇಬರು ಇಂಗ್ಲಿಷ್ ಅಧಿಕಾರಿ ಮ್ಯಾನ್ಸನ್‌ನನ್ನ ಕೊಂದದ್ದು ನಮ್ಮ ಸುರೇಬಾನದಾಗ. ದಂಗೆಗೆ ಅಂಜಿದ ಸರ್ಕಾರ ಅದೇ 1858ರ ಮಾದರಿಯೊಳಗ ಭಾರತೀಯ ಸಿಪಾಯಿಗೆ ಗೀರಿಲ್ಲದ, ನುಣುಪು ನಳಿಕೆ ಕೊಟ್ಟಿತು. ಗೀರಿನದು ಬಿಳಿಯರಿಗೆ.

ಹೊರಗಿಂದ ನೋಡಿದ್ರ ಎರಡೂ ಹೆಚ್ಚುಕಮ್ಮಿ ಒಂದೇ ಥರದ ಬಂದೂಕು. ಮೋಸ ಒಳಗಿತ್ತು. ಪರೀಕ್ಷೆಯಾಗ ಇದನ್ನ ಕೇಳಂಗಿಲ್ಲ, ನೀವಾದ್ರೂ ಕೇಳ್ರಿ.

#ಸುರೇಬಾನ #ನರಗುಂದ #ನಮ್ಮ_ಇತಿಹಾಸ