ಮೂರು ದಿನಗಳ ಸಾಂತ್ವನ ಸಾಲದು

2018ರ ನವೆಂಬರ್ 24ರಂದು ಪಾಂಡವಪುರ ತಾಲೂಕಿನ ಕನಗನಮರಡಿಯ ಬಳಿ ಖಾಸಗಿ ಬಸ್ಸೊಂದು ವಿಶ್ವೇಶ್ವರಯ್ಯ ನಾಲೆಗೆ ಉರುಳಿ 30 ಮಂದಿ ಅಸುನೀಗಿದರು. ಶಾಲೆಯಿಂದ ಮನೆಗೆ ಮರಳುತ್ತಿದ್ದ ಮಕ್ಕಳೂ ಅವರಲ್ಲಿದ್ದರು. ಮಂಡ್ಯ, ಮದ್ದೂರು, ಮಳವಳ್ಳಿಗಳ ಗದ್ದೆಗಳಿಗೆ ನೀರುಣಿಸುವುದೂ ಅದೇ ನಾಲೆ. ಅದರ ಏರಿಯ ಮೇಲೆ ನಮ್ಮ ಮಕ್ಕಳೂ ದಿನವೂ ಸಾಗುತ್ತಾರೆ. ಇಂಥ ಆಪತ್ತು ನಮ್ಮ ಮೊಹಲ್ಲಾಕ್ಕೆ ಎರಗಿದರೆ ಬದುಕುಳಿದವರ ಮನಸ್ಸನ್ನು ಸಂತೈಸಲು ನಮ್ಮಲ್ಲಿ ಯಾವ ಸಿದ್ಧತೆಯಿದೆ?

ದಫನ ಕಾರ್ಯಕ್ಕೆ ನಾವೆಲ್ಲರೂ ಧಾವಿಸುತ್ತೇವೆ. ಮೂರು ದಿನ ಆ ಮನೆಗೆ ಅನ್ನ ಕಳುಹಿಸುತ್ತೇವೆ. ಹ. ಜಅ್‌ಫರ್(ರ) ಹುತಾತ್ಮರಾದಾಗ ಅವರ ಮನೆಯವರಿಗಾಗಿ ಅಡುಗೆ ಸಿದ್ಧಪಡಿಸುವಂತೆ ಪ್ರವಾದಿವರ್ಯರು(ಸ) ಆದೇಶಿಸಿದ್ದರು. ಅದು ಪುಣ್ಯಕಾರ್ಯವೇ ಸರಿ. ಆದರೆ ನಿದ್ದೆ ಬಾರದ ರಾತ್ರಿಗಳು, ನೀರು ಕಂಡರೆ ಬೆಚ್ಚುವ ಮಗು, 'ನಾನೇಕೆ ಉಳಿದೆ' ಎಂಬ ಕೊರಗು, ಇವೆಲ್ಲ ನಾಲ್ಕನೆಯ ದಿನದಿಂದಲೇ ಆರಂಭವಾಗಬಹುದು. ಆಗ ಬಾಗಿಲು ತಟ್ಟುವವರು ವಿರಳ.

ಅಳುವವರಿಗೆ 'ಸಬ್ರ್ ಮಾಡಿ' ಎಂದು ಹೇಳಿ ಎದ್ದು ಬರುವುದು ಸುಲಭ. ಪುತ್ರವಿಯೋಗದಿಂದ ಹ. ಯಅ್‌ಕೂಬ್(ಅ)ರ ಕಣ್ಣುಗಳು ಬೆಳ್ಳಗಾದುವೆಂದು ಪವಿತ್ರ ಕುರ್‌ಆನ್ ತಿಳಿಸುತ್ತದೆ. ಪುಟ್ಟ ಮಗ ಇಬ್ರಾಹೀಮರ ಮರಣದಲ್ಲಿ ಪ್ರವಾದಿವರ್ಯರೂ(ಸ) ಕಣ್ಣೀರಿಟ್ಟರು. ದುಃಖವು ಈಮಾನಿನ ಕೊರತೆಯಲ್ಲ. ಚಿಕಿತ್ಸೆ ಪಡೆಯಿರೆಂಬ ಪ್ರವಾದಿ ವಚನವು ದೇಹಕ್ಕೆ ಮಾತ್ರ ಸೀಮಿತವೆಂದು ನಾವೇಕೆ ಭಾವಿಸಬೇಕು? ಮನೋವೈದ್ಯರ ಬಳಿಗೆ ಹೋದರೆ ಮಗಳ ನಿಕಾಹ್ ನಿಲ್ಲುವುದೆಂಬ ಭಯವು ನಮ್ಮಲ್ಲಿ ಅನೇಕರ ಬಾಯಿ ಕಟ್ಟಿದೆ. ಈ ಭಯವನ್ನು ತೊಡೆಯುವ ಹೊಣೆ ಮೊದಲು ಮಿಂಬರಿನ ಮೇಲೆ ನಿಲ್ಲುವವರದು.

ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರವು ವಿಪತ್ತಿನ ಕಾಲದ ಮಾನಸಿಕ ನೆರವಿಗೆಂದು 2009ರಲ್ಲಿಯೇ ಮಾರ್ಗಸೂಚಿ ಹೊರಡಿಸಿದೆ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿಗೆ 14416 ಸಂಖ್ಯೆಯಲ್ಲಿ ಹಗಲಿರುಳೂ ಉಚಿತವಾಗಿ ಕರೆ ಮಾಡಬಹುದು. ಇವನ್ನು ಮನೆಬಾಗಿಲಿಗೆ ಮುಟ್ಟಿಸಬೇಕಾದವರು ನಾವು.

ಪ್ರತಿಯೊಂದು ಜಮಾಅತ್ ಇಬ್ಬರು ಪುರುಷರನ್ನೂ ಇಬ್ಬರು ಮಹಿಳೆಯರನ್ನೂ ಈಗಲೇ ಆರಿಸಲಿ. ಉಪದೇಶಿಸದೆ ಆಲಿಸುವ ತರಬೇತಿಯನ್ನು ಅವರು ಜಿಲ್ಲಾ ಆಸ್ಪತ್ರೆಯ ಮನೋವೈದ್ಯರಿಂದ ಪಡೆಯಲಿ. ನೊಂದ ಮನೆಗೆ ವಾರಕ್ಕೆ, ತಿಂಗಳಿಗೆ, ವರ್ಷಕ್ಕೆ ಮತ್ತೆ ಹೋಗಬೇಕಾದ ದಿನಗಳನ್ನು ಮಸೀದಿಯ ಪುಸ್ತಕದಲ್ಲಿ ಬರೆದಿಡಲಿ. ನೀರಿಗಿಳಿದು ಶವಗಳನ್ನು ಎತ್ತಿದ ಯುವಕರನ್ನು ಮರೆಯದಿರಲಿ. ನೆರೆಮನೆಯು ಯಾವ ಧರ್ಮದ್ದಾದರೂ ಅದರ ಹೆಸರು ಆ ಪುಸ್ತಕದಲ್ಲಿರಲಿ. ನೆರೆಯವರ ಹಕ್ಕಿನಲ್ಲಿ ಇಸ್ಲಾಮ್ ಭೇದವೆಣಿಸಿಲ್ಲ.

ಕಫನ್ ಬಟ್ಟೆಯನ್ನು ಮರಣಕ್ಕೆ ಮೊದಲೇ ತಂದಿಡುವ ಸಮುದಾಯ ನಮ್ಮದು. ಬದುಕುಳಿದವರಿಗಾಗಿಯೂ ಅಷ್ಟು ಮುಂದಾಲೋಚನೆ ನಮಗಿರಲಿ.