ಲೆಕ್ಕಕ್ಕುಂಟು, ಆಟಕ್ಕಿಲ್ಲ

ಚಿತ್ರಮಂದಿರಗಳಲ್ಲಿ ಟಿಕೆಟ್ಟಿನ ಬೆಲೆಯು, ತೆರಿಗೆಯನ್ನು ಬಿಟ್ಟು, 200 ರೂಪಾಯಿಗಳನ್ನು ಮೀರಕೂಡದೆಂದು ಕರ್ನಾಟಕ ಸರ್ಕಾರವು 2025ರ ಸೆಪ್ಟೆಂಬರ್ ತಿಂಗಳಲ್ಲಿ ನಿಯಮವನ್ನು ಹೊರಡಿಸಿ, ಆ ತಿಂಗಳು ಮುಗಿಯುವುದಕ್ಕೆ ಮೊದಲೇ ಹೈಕೋರ್ಟು ಅದಕ್ಕೆ ತಡೆಯಾಜ್ಞೆ ಕೊಟ್ಟ ಮೇಲೆ ಎದ್ದ ವಾಗ್ವಾದವು ಗಟ್ಟಿಧ್ವನಿಯಲ್ಲಿ ಯಾವ ವಿವಾದಕ್ಕೂ ಸೋಲುವಂಥದಲ್ಲವಾದರೂ, ನನ್ನ ಮಟ್ಟಿಗೆ ತೀರ ಅಪೂರ್ಣವಾದದ್ದು. ಬಡ ಪ್ರೇಕ್ಷಕನ ಹೆಸರಿನಲ್ಲಿ ಸರ್ಕಾರ ಮಾತನಾಡಿತು. ವ್ಯಾಪಾರ ಸ್ವಾತಂತ್ರ್ಯದ ಹೆಸರಿನಲ್ಲಿ ಮಲ್ಟಿಪ್ಲೆಕ್ಸಿನವರು ಮಾತನಾಡಿದರು. ಕೋಟಿಗಟ್ಟಲೆ ಹಣ ಸುರಿದು ಚಿತ್ರ ತೆಗೆಯುವವರು ಆ ಹಣ ಹಿಂದಕ್ಕೆ ಬರುವ ದಾರಿಯ ಬಗೆಗೆ ಮಾತನಾಡಿದರು. ಆದರೆ ಆ ಇನ್ನೂರು ರೂಪಾಯಿಯನ್ನು ಅಂಗೈಯಲ್ಲಿ ಹಿಡಿದು ಟಿಕೆಟ್ ಕಿಟಕಿಯ ಮುಂದೆ ನಿಂತವನಿಗೆ ಒಳಗೆ ನೋಡಲು ಏನಿದೆ, ಏನಿಲ್ಲ, ಇಲ್ಲದ್ದು ಏತಕ್ಕೆ ಇಲ್ಲವೆಂಬ ಪ್ರಶ್ನೆಯನ್ನು ಮೂವರಲ್ಲಿ ಒಬ್ಬರಾದರೂ ಎತ್ತಿದ್ದನ್ನು ನಾನು ಕಾಣೆ.

ಇನ್ನೊಂದು ಸಂಗತಿಯೂ ಗಮನಕ್ಕೆ ಬರದೆ ಹೋಯಿತು. 75 ಅಥವಾ ಅದಕ್ಕಿಂತ ಕಡಿಮೆ ಆಸನಗಳುಳ್ಳ ವಿಶೇಷ ಸೌಲಭ್ಯದ ಪರದೆಗಳಿಗೆ ಆ ಬೆಲೆಮಿತಿಯಿಂದ ವಿನಾಯಿತಿ ಇತ್ತು. ಚಿಕ್ಕ ಮಂದಿರವೆಂದರೆ ಒರಗು ಕುರ್ಚಿಯಲ್ಲಿ ಕಾಲು ಚಾಚಿಕೊಂಡು ಪಾಪ್‌ಕಾರ್ನ್ ತರಿಸಿಕೊಳ್ಳುವ ಶ್ರೀಮಂತರ ವಿಲಾಸಸ್ಥಾನವೆಂಬ ಕಲ್ಪನೆಯೊಂದೇ ನಮ್ಮ ನಿಯಮಕರ್ತರ ಮನಸ್ಸಿನಲ್ಲಿದ್ದಂತೆ ತೋರುತ್ತದೆ. ಅಷ್ಟೇ ಚಿಕ್ಕದಾದ ಒಂದು ಕತ್ತಲೆಯ ಕೋಣೆಗಾಗಿ ಹಂಬಲಿಸುತ್ತಿರುವ ಚಿತ್ರಗಳು ಈ ನಾಡಿನಲ್ಲಿ ವರ್ಷವರ್ಷವೂ ಹುಟ್ಟುತ್ತಿವೆಯೆಂಬುದು ಅವರಿಗೆ ಹೊಳೆಯಲಿಲ್ಲ. ಈ ಲೇಖನ ಆ ಚಿತ್ರಗಳ ಪರವಾದ ವಕಾಲತ್ತು.

ಅಲ್ಪ ಬಂಡವಾಳದ ಚಿತ್ರವೆಂದರೆ ಕನ್ನಡಿಗರಿಗೆ ಅಪರಿಚಿತ ವಸ್ತುವೇನೂ ಅಲ್ಲ. ಪಟ್ಟಾಭಿರಾಮ ರೆಡ್ಡಿಯವರು ಅನಂತಮೂರ್ತಿಯವರ ಕಾದಂಬರಿಯನ್ನು ಕೈಗೆತ್ತಿಕೊಂಡು, ಗಿರೀಶ ಕಾರ್ನಾಡರಿಂದ ಚಿತ್ರಕಥೆ ಬರೆಯಿಸಿ, ಶೃಂಗೇರಿಯ ಸಮೀಪದ ವೈಕುಂಠಪುರದಲ್ಲಿ ‘ಸಂಸ್ಕಾರ’ವನ್ನು ಚಿತ್ರಿಸಿದಾಗ ಅದಕ್ಕೆ ತಗುಲಿದ ವೆಚ್ಚ ಒಂದು ಲಕ್ಷ ರೂಪಾಯಿಯ ಆಸುಪಾಸು, ಮೊದಲು ಸೆನ್ಸಾರಿನವರ ನಿಷೇಧಕ್ಕೆ ಗುರಿಯಾದ ಆ ಚಿತ್ರವೇ 1970ರ ಸ್ವರ್ಣಕಮಲವನ್ನು ಕನ್ನಡಕ್ಕೆ ತಂದಿತು. ಆಮೇಲೆ ‘ಚೋಮನ ದುಡಿ’ ಬಂತು, ‘ಘಟಶ್ರಾದ್ಧ’ ಬಂತು, ‘ತಬರನ ಕಥೆ’, ‘ತಾಯಿ ಸಾಹೇಬ’, ‘ದ್ವೀಪ’ಗಳು ಬಂದವು. ಇವೆಲ್ಲವೂ ಅದೇ ಪದಕವನ್ನು ಪಡೆದುವು. ಇವುಗಳಲ್ಲಿ ಒಂದೂ ಹಣದ ಬಲದಿಂದ ನಿಂತದ್ದಲ್ಲ. ಇಂದಿಗೂ ಆ ಒರತೆ ಬತ್ತಿಲ್ಲ. ನಟೇಶ್ ಹೆಗಡೆಯವರು ತಮ್ಮ ತಂದೆಯವರನ್ನೇ ಮುಖ್ಯ ಪಾತ್ರದಲ್ಲಿ ನಿಲ್ಲಿಸಿ ತೆಗೆದ ‘ಪೆಡ್ರೊ’ 2021ರಲ್ಲಿ ಕೊರಿಯಾದ ಬೂಸಾನ್ ಉತ್ಸವವನ್ನು ಸೇರಿತು. ಮರುವರ್ಷ ಅದೇ ಉತ್ಸವದಲ್ಲಿ ಜೈಶಂಕರ್ ಆರ್ಯರ್ ಅವರ ‘ಶಿವಮ್ಮ’ ಪ್ರಶಸ್ತಿಯನ್ನು ಗೆದ್ದಿತು. ಚಿದಾನಂದ ನಾಯ್ಕರ ಹದಿನಾರು ನಿಮಿಷಗಳ ಕಿರುಚಿತ್ರಕ್ಕೆ 2024ರಲ್ಲಿ ಕಾನ್ ಉತ್ಸವದ ವಿದ್ಯಾರ್ಥಿ ಚಿತ್ರಗಳ ವಿಭಾಗದಲ್ಲಿ ಮೊದಲ ಬಹುಮಾನ ಸಂದಿತು. ಇಂಥ ಸುದ್ದಿ ಬಂದ ದಿನ ಅಭಿನಂದನೆಗೆ ಬರವಿರುವುದಿಲ್ಲ. ಮಂತ್ರಿಗಳಿಂದ ಮೊದಲುಗೊಂಡು ಎಲ್ಲರೂ ಹೆಮ್ಮೆಪಡುತ್ತಾರೆ. ಆಟಕ್ಕುಂಟು ಲೆಕ್ಕಕ್ಕಿಲ್ಲವೆಂದು ಮಕ್ಕಳ ಆಟದಲ್ಲಿ ಎಳೆಯ ಕೂಸನ್ನು ಕುರಿತು ಹೇಳುತ್ತೇವಷ್ಟೆ. ನಮ್ಮ ಈ ಚಿತ್ರಗಳ ಪಾಡು ಅದರ ತಿರುವುಮುರುವು. ಪ್ರಶಸ್ತಿಯ ಪಟ್ಟಿಯಲ್ಲಿ, ಸಬ್ಸಿಡಿಯ ಕಡತದಲ್ಲಿ, ಭಾಷಣಗಳ ಅಂಕಿಸಂಖ್ಯೆಯಲ್ಲಿ ಅವು ಲೆಕ್ಕಕ್ಕುಂಟು; ಸಂಜೆಯ ಏಳು ಗಂಟೆಗೆ ಬೆಳ್ಳಿತೆರೆಯ ಮೇಲೆ ಆಟಕ್ಕೆ ಮಾತ್ರ ಇಲ್ಲ.

ಉತ್ಸವದ ಬಾಗಿಲೂ ಸದಾ ತೆರೆದಿರುವುದಿಲ್ಲ. ಬೂಸಾನಿನವರು ಆದರಿಸಿದ ‘ಪೆಡ್ರೊ’ವಿಗೆ 2022ರ ಬೆಂಗಳೂರು ಅಂತರರಾಷ್ಟ್ರೀಯ ಚಲನಚಿತ್ರೋತ್ಸವದಲ್ಲಿ ಸ್ಥಳ ದೊರೆಯದೆ, ಅದರ ನಿರ್ಮಾಪಕರಾದ ರಿಷಬ್ ಶೆಟ್ಟಿಯವರು ಬಹಿರಂಗವಾಗಿಯೇ ನೋವನ್ನು ತೋಡಿಕೊಂಡದ್ದು ಓದುಗರಿಗೆ ನೆನಪಿರಬಹುದು. ಆಯ್ಕೆಗಾರರಿಗೆ ಆಯ್ಕೆಯ ಸ್ವಾತಂತ್ರ್ಯವುಂಟು, ನಿಜ. ಆದರೆ ಊರಿನಲ್ಲಿ ಬೇರೊಂದು ಬಾಗಿಲೇ ಇಲ್ಲದಿರುವಾಗ ಇರುವ ಒಂದೇ ಬಾಗಿಲನ್ನು ಕಾಯುವವರ ಹೊಣೆ ಇಮ್ಮಡಿಯಾಗುತ್ತದೆ.

ನಾನು ಕಣ್ಣಾರೆ ಕಂಡ ಒಂದು ಬೆಳಗಿನ ವೃತ್ತಾಂತವನ್ನು ಹೇಳುತ್ತೇನೆ. ಪತ್ರಿಕೆಯ ವಿಮರ್ಶೆಯೊಂದರಲ್ಲಿ ನಾಲ್ಕು ಒಳ್ಳೆಯ ಮಾತುಗಳನ್ನು ಓದಿ, ಚಿಕ್ಕ ಕನ್ನಡ ಚಿತ್ರವೊಂದನ್ನು ನೋಡಲೆಂದು ಬೆಂಗಳೂರಿನ ಒಂದು ಮಲ್ಟಿಪ್ಲೆಕ್ಸಿಗೆ ಹೋಗಿದ್ದೆ. ಅದಕ್ಕಿದ್ದುದು ದಿನಕ್ಕೆ ಒಂದೇ ಆಟ; ಅದೂ ಬೆಳಿಗ್ಗೆ ಹತ್ತೂಕಾಲಕ್ಕೆ, ಕೆಲಸದ ದಿನ, ದುಡಿಯುವವರೆಲ್ಲರೂ ದುಡಿಯುವ ಹೊತ್ತಿನಲ್ಲಿ. ನನಗಿಂತ ಮೊದಲೇ ಬಂದವರು ಮೂವರಿದ್ದರು: ಹೆಗಲಿಗೆ ಚೀಲ ಹಾಕಿದ ಕಾಲೇಜಿನ ಹುಡುಗನೊಬ್ಬ, ಮತ್ತು ವಯಸ್ಸಾದ ದಂಪತಿಗಳು. ಆಕೆಯ ಕೈಯಲ್ಲಿ ಬಟ್ಟೆಯ ಚೀಲ. ಅದರಲ್ಲಿದ್ದ ಊಟದ ಡಬ್ಬಿಯನ್ನು ಬಾಗಿಲ ಕಾವಲಿನವನು ಆಗಲೇ ತೆಗೆದಿರಿಸಿಕೊಂಡಿದ್ದ. ಕಿಟಕಿಯ ಹಿಂದಿದ್ದ ತರುಣನು ಗಣಕದ ಪರದೆಯನ್ನು ನೋಡಿ, “ಸಾರ್, ಇನ್ನು ಇಬ್ಬರು ಬಂದ್ರೆ ಹಾಕ್ತೀವಿ. ಇಲ್ಲಾಂದ್ರೆ ಶೋ ಕ್ಯಾನ್ಸಲ್,” ಎಂದ. ಹತ್ತೂವರೆಯಾಯಿತು, ಇಬ್ಬರು ಬರಲಿಲ್ಲ. ಆ ಇಬ್ಬರ ಟಿಕೆಟ್ಟನ್ನೂ ನಾನೇ ಕೊಳ್ಳುತ್ತೇನಪ್ಪ ಎಂದು ಹೇಳಿದೆ. ಅವನು ಒಳ್ಳೆಯ ಹುಡುಗ. ಸಂಕೋಚದಿಂದ ನಕ್ಕು, ಪಕ್ಕದ ಪರದೆಯಲ್ಲಿ ದೊಡ್ಡ ಚಿತ್ರ ಈಗ ತಾನೆ ಶುರುವಾಗಿದೆ, ಅದಕ್ಕೆ ಬದಲಾಯಿಸಿ ಕೊಡಲೇ ಎಂದು ಕೇಳಿದ. ಮುದುಕಿ ಮಾತ್ರ, ಬಾಗಿಲಿನಿಂದ ತನ್ನ ಡಬ್ಬಿಯನ್ನು ಹಿಂದಕ್ಕೆ ಪಡೆಯುತ್ತ, “ಹಾಗಾದ್ರೆ ಇದನ್ನ ಇನ್ನೆಲ್ಲಿ ನೋಡಬಹುದು, ಮಗಾ?” ಎಂದಳು. ಅವನಿಗೆ ಉತ್ತರ ತಿಳಿದಿರಲಿಲ್ಲ. ಅಂದು ಆ ಮಂದಿರದ ಲೆಕ್ಕಪುಸ್ತಕದಲ್ಲಿ ಬರೆಹವಾದದ್ದು, ಈ ಚಿತ್ರಕ್ಕೆ ಪ್ರೇಕ್ಷಕರಿಲ್ಲವೆಂದು. ನಾವು ನಾಲ್ವರು ಅಲ್ಲಿ ನಿಂತಿದ್ದೆವು.

ಇದು ಒಬ್ಬ ವ್ಯವಸ್ಥಾಪಕನ ದುಷ್ಟತನವೆಂದು ನಾನು ಹೇಳುವುದಿಲ್ಲ, ದೋಷವಿರುವುದು ಪದ್ಧತಿಯಲ್ಲಿ. ಶುಕ್ರವಾರ ಬಿಡುಗಡೆಯಾದ ಚಿತ್ರದ ಹಣೆಬರಹವನ್ನು ಭಾನುವಾರ ರಾತ್ರಿಯೊಳಗಾಗಿ ಮುಂಗಡ ಬುಕಿಂಗಿನ ಅಂಕಿಗಳು ಬರೆದು ಮುಗಿಸುತ್ತವೆ. ಗೋಡೆಗೆ ಪೋಸ್ಟರು, ಟಿವಿಗೆ ಜಾಹೀರಾತು, ಊರೂರಿಗೆ ನಟರ ಮೆರವಣಿಗೆ ಇರುವ ಚಿತ್ರವು ಆ ಮೂರು ದಿನಗಳನ್ನು ಹಣ ಕೊಟ್ಟು ಕೊಳ್ಳಬಲ್ಲುದು. ಇಲ್ಲದ ಚಿತ್ರವು ಅದೇ ಖರ್ಚಿಗೆ ಕೈಹಾಕಿದರೆ ಮೂಗಿಗಿಂತ ಮೂಗುತಿಯೇ ಭಾರವಾಗುತ್ತದೆ. ಪರದೆಗೆ ಚಿತ್ರವನ್ನು ಕಳುಹಿಸುವ ಡಿಜಿಟಲ್ ಸಂಸ್ಥೆಗಳಿಗೆ ತೆರಬೇಕಾದ ಶುಲ್ಕವಂತೂ ಇದ್ದೇ ಇದೆ. ಇದೆಲ್ಲಕ್ಕಿಂತ ವಿಪರೀತವಾದದ್ದು ಹಂಚಿಕೆಯ ಲೆಕ್ಕ: ಮಲ್ಟಿಪ್ಲೆಕ್ಸುಗಳಲ್ಲಿ ನಿರ್ಮಾಪಕನ ಪಾಲು ಮೊದಲ ವಾರ ಹೆಚ್ಚಾಗಿದ್ದು ವಾರ ಕಳೆದಂತೆ ಇಳಿಯುತ್ತ ಹೋಗುತ್ತದೆ. ನೋಡಿದ ಒಬ್ಬನು ಮನೆಗೆ ಹೋಗಿ ಹೆಂಡತಿಗೆ ಹೇಳಿ, ಆಕೆ ತಂಗಿಗೆ ಹೇಳಿ, ಹೀಗೆ ಬಾಯಿಂದ ಬಾಯಿಗೆ ಹಬ್ಬಿ ಮೂರನೆಯ ವಾರದಲ್ಲಿ ತುಂಬಬೇಕಾದ ಚಿತ್ರವು, ಒಂದು ವೇಳೆ ಅಷ್ಟು ದಿನ ಬದುಕಿಯೇ ಉಳಿದರೂ, ತನ್ನ ಫಸಲು ಬರುವ ಹೊತ್ತಿಗೆ ತನ್ನ ಪಾಲು ಕರಗಿರುವುದನ್ನು ಕಾಣಬೇಕಾಗುತ್ತದೆ. ಇಂಥ ನೆಲದಲ್ಲಿ ಬಿತ್ತಿ, ಬೀಜವೇ ಜೊಳ್ಳೆಂದು ದೂರುವುದು ಯಾವ ನ್ಯಾಯ?

ಜನಕ್ಕೆ ಇಂಥದು ಬೇಡವೆಂಬ ವಾದಕ್ಕೆ ನಮ್ಮ ನಾಡಿನಲ್ಲಿಯೇ ಪ್ರತ್ಯುತ್ತರವಿದೆ. ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ ಕೆ. ವಿ. ಸುಬ್ಬಣ್ಣನವರೂ ಅವರ ಸಂಗಡಿಗರೂ 1973ರಲ್ಲಿ ನೀನಾಸಂ ಚಿತ್ರಸಮಾಜವನ್ನು ಕಟ್ಟಿ, ಅಡಕೆ ತೋಟದ ನಡುವಣ ಆ ಊರಿನ ಜನಕ್ಕೆ ಸತ್ಯಜಿತ್ ರಾಯ್, ಕುರೊಸಾವಾ ಮೊದಲಾದವರ ಕೃತಿಗಳನ್ನು ತೋರಿಸಿದರು. ಪುಣೆಯಿಂದ ಸತೀಶ್ ಬಹಾದೂರರಂಥ ಅಧ್ಯಾಪಕರು ಬಂದು ರಸಗ್ರಹಣದ ಪಾಠ ಹೇಳಿದರು. ಒಕ್ಕಲುತನದವರಿಗೆ ಜಪಾನೀ ಚಿತ್ರವೇ ಎಂದು ಪಟ್ಟಣದವರು ಹುಬ್ಬೇರಿಸಿದ್ದಿರಬಹುದು. ಹೆಗ್ಗೋಡಿನವರು ಕುಳಿತು ನೋಡಿದರು. ಆ ಚಿತ್ರಸಮಾಜಕ್ಕಿಂತ ಎರಡು ವರ್ಷ ಮೊದಲು ಬೆಂಗಳೂರಿನಲ್ಲಿ ಸುಚಿತ್ರಾ ಫಿಲ್ಮ್ ಸೊಸೈಟಿ ಹುಟ್ಟಿತ್ತು. ಮುಂದೆ ದೂರದರ್ಶನವು ಭಾನುವಾರದ ಮಧ್ಯಾಹ್ನಗಳಲ್ಲಿ ಪ್ರಾದೇಶಿಕ ಭಾಷೆಗಳ ಪ್ರಶಸ್ತಿ ವಿಜೇತ ಚಿತ್ರಗಳನ್ನು ಬಿತ್ತರಿಸುತ್ತಿದ್ದಾಗ, ಊಟ ಮುಗಿಸಿ ಚಾಪೆಯ ಮೇಲೆ ಒರಗಿದ ಎಷ್ಟೋ ಮನೆಗಳವರು ತಮಗೆ ತಿಳಿಯದ ಭಾಷೆಯ ಮೌನವನ್ನು ತಿಳಿದುಕೊಂಡರು.

ಇತ್ತೀಚಿನ ಉದಾಹರಣೆಯೇ ಬೇಕೆಂದರೆ ‘ತಿಥಿ’ಯನ್ನು ನೋಡಿ. ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನಲ್ಲಿ, ಎಂದೂ ಕ್ಯಾಮೆರಾದ ಮುಂದೆ ನಿಲ್ಲದ ಹಳ್ಳಿಗರನ್ನೇ ಇಟ್ಟುಕೊಂಡು, ಈರೇಗೌಡರೊಡನೆ ಕಥೆ ಹೆಣೆದು ರಾಮ್ ರೆಡ್ಡಿಯವರು ತೆಗೆದ ಚಿತ್ರವದು. ಆರಂಭದಲ್ಲಿ ಸೆಂಚುರಿ ಗೌಡನೆಂಬ ಶತಾಯುಷಿ ಬೀದಿಯ ಬದಿಯಲ್ಲಿ ಕುಳಿತು ಹೋಗಿಬರುವವರನ್ನೆಲ್ಲ ಬಾಯಿಗೆ ಬಂದಂತೆ ಬೈಯುತ್ತಾನೆ. ಎದ್ದು ಮೂತ್ರಕ್ಕೆಂದು ಸಂದಿಗೆ ಹೋಗುತ್ತಾನೆ. ಅಲ್ಲಿಯೇ ಕುಸಿದು ಸಾಯುತ್ತಾನೆ. ಹಿನ್ನೆಲೆಯ ಪಿಟೀಲಿಲ್ಲ, ಕಣ್ಣೀರಿನ ಸಮೀಪಚಿತ್ರವಿಲ್ಲ. ಸಾವು ಆ ಊರಿನಲ್ಲಿ ಹೇಗೆ ಬರುತ್ತದೆಯೋ ಹಾಗೆ ಬಂದು ಹೋಗುತ್ತದೆ. ನಾವು ನಗುತ್ತಿದ್ದವರು ನಗೆಯನ್ನು ಎಲ್ಲಿ ಇರಿಸಬೇಕೆಂದು ತಿಳಿಯದೆ ಕುಳಿತುಬಿಡುತ್ತೇವೆ. ಅವನ ಮಗ ಗಡ್ಡಪ್ಪನು ತಂದೆಯ ಸುದ್ದಿ ಕೇಳಿಯೂ ತನ್ನ ಅಲೆದಾಟವನ್ನು ಬಿಡುವುದಿಲ್ಲ. ಇಂಥ ಚಿತ್ರ 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಎರಡು ಪ್ರಶಸ್ತಿಗಳನ್ನು ಪಡೆದು, ಮರುವರ್ಷ ಮೇ ತಿಂಗಳಲ್ಲಿ ಇಲ್ಲಿ ತೆರೆಕಂಡಾಗ, ಜನ ಬಂದರು, ಗಡ್ಡಪ್ಪ ಮನೆಮಾತಾದ. ಪವನ್ ಕುಮಾರರ ‘ಲೂಸಿಯಾ’ಗೆ ಬೇಕಾದ ಸುಮಾರು 50 ಲಕ್ಷ ರೂಪಾಯಿಯನ್ನು ತಿಂಗಳೊಪ್ಪತ್ತಿನಲ್ಲಿ ಕೂಡಿಸಿಕೊಟ್ಟವರೂ ನೂರಕ್ಕೂ ಮಿಕ್ಕ ಪ್ರೇಕ್ಷಕರೇ. ಚಿತ್ರ ಹುಟ್ಟುವುದಕ್ಕೆ ಮೊದಲೇ ಅದಕ್ಕೆ ಹಣ ಕೊಟ್ಟ ಪ್ರೇಕ್ಷಕವರ್ಗವನ್ನು ಅಭಿರುಚಿಹೀನವೆಂದು ಜರೆಯುವುದು ಕೃತಘ್ನತೆ.

ಎದುರು ಪಕ್ಷದ ಒಂದು ಮಾತನ್ನು ಮಾತ್ರ ನಾನು ತಲೆಬಾಗಿ ಒಪ್ಪಿಕೊಳ್ಳುತ್ತೇನೆ. ಸಬ್ಸಿಡಿಯ ಹಣಕ್ಕೋಸ್ಕರವೇ ತೆಗೆದ, ಕಲೆಯೂ ಇಲ್ಲದ ಕಸುಬೂ ಇಲ್ಲದ ಚಿತ್ರಗಳು ನಮ್ಮಲ್ಲಿ ಇವೆ. ಸಂದೇಶವೊಂದಿದ್ದರೆ ಸಾಕು, ಚಿತ್ರ ತಾನಾಗಿಯೇ ಆದೀತೆಂಬ ಭ್ರಮೆಯೂ ಇದೆ. ಹೆತ್ತವರಿಗೆ ಹೆಗ್ಗಣ ಮುದ್ದು. ಬಡತನವೊಂದೇ ಕೃತಿಯ ಯೋಗ್ಯತಾಪತ್ರವಾಗಲಾರದು. ಆದರೆ ಈ ರೋಗದ ಮೂಲವೂ ತೋರಿಸುವ ಜಾಗವಿಲ್ಲದಿರುವುದೇ ಅಲ್ಲವೆ? ಚಿತ್ರವನ್ನು ತೆಗೆದದ್ದಕ್ಕೆ ಹಣ ಕೊಟ್ಟು, ತೋರಿಸುವುದಕ್ಕೆ ಕೊಡದ ಸರ್ಕಾರವು, ಪ್ರೇಕ್ಷಕನ ಮುಖವನ್ನೇ ನೋಡಬೇಕಾಗಿಲ್ಲದ ನಿರ್ಮಾಪಕನೊಬ್ಬನನ್ನು ತಾನೇ ಸಾಕುತ್ತಿದೆ. ನಾಲ್ಕು ಊರುಗಳಲ್ಲಿ ಜನದ ಮುಂದೆ ನಿಂತು ಉತ್ತರಿಸಬೇಕಾಗಿ ಬಂದರೆ, ಹುಸಿ ಚಿತ್ರ ಅಲ್ಲಿಯೇ ಬಯಲಾಗುತ್ತದೆ, ದಿಟವಾದದ್ದು ಅಲ್ಲಿಯೇ ಬೆಳೆಯುತ್ತದೆ.

ಒಟಿಟಿ ಇದೆಯಲ್ಲ, ಮನೆಯಲ್ಲಿಯೇ ನೋಡಬಹುದಲ್ಲ ಎನ್ನುವವರಿಗೂ ಒಂದು ಮಾತು. ತಾರೆಯಿಲ್ಲದ ಚಿಕ್ಕ ಚಿತ್ರವನ್ನು ಕೊಳ್ಳಲು ಆ ಸಂಸ್ಥೆಗಳು ಮುಂದೆ ಬರುವುದು ವಿರಳ. ಕೊಂಡರೂ, ಹುಡುಕಿದವನಿಗೆ ಮಾತ್ರ ಸಿಗುವ ಮೂಲೆಯಲ್ಲಿ ಅದು ಬಿದ್ದಿರುತ್ತದೆ. ಮೇಲಾಗಿ, ‘ಶಿವಮ್ಮ’ದ ನಾಯಕಿ, ಲಕ್ವ ಹೊಡೆದ ಗಂಡನನ್ನು ನೋಡಿಕೊಳ್ಳುತ್ತ ಸರ್ಕಾರಿ ಶಾಲೆಯಲ್ಲಿ ಅಡುಗೆ ಮಾಡುವ ಹೆಂಗಸು, ಶಕ್ತಿಪೇಯದ ಡಬ್ಬಗಳನ್ನು ಮಾರಿ ಸಾಲ ತೀರಿಸಿಕೊಳ್ಳುತ್ತೇನೆಂದು ಊರೆಲ್ಲ ಸುತ್ತುವುದನ್ನು, ನಡುನಡುವೆ ಫೋನು ಕರೆಯುತ್ತಿರುವ ಕೋಣೆಯಲ್ಲಿ ನೋಡುವುದು ಬೇರೆ, ತನ್ನ ಮನೆಯಲ್ಲಿಯೂ ಅಂಥ ಡಬ್ಬವೊಂದು ಬಂದು ಕುಳಿತದ್ದನ್ನು ನೆನೆದು ನಕ್ಕ ಅಪರಿಚಿತನ ಪಕ್ಕದಲ್ಲಿ, ಕತ್ತಲೆಯಲ್ಲಿ ಕುಳಿತು ನೋಡುವುದು ಬೇರೆ.

ಹಾಗಾದರೆ ಮಾಡತಕ್ಕುದೇನು? ನೆರೆಯ ಕೇರಳದಲ್ಲಿ ಸರ್ಕಾರದ ಚಲನಚಿತ್ರ ನಿಗಮವೇ ಕೈರಳಿ, ಶ್ರೀಗಳಂಥ ಮಂದಿರಗಳನ್ನು ನಡೆಸುತ್ತದೆ. ಅದೇ ನಾಡಿನಲ್ಲಿ ಜಾನ್ ಅಬ್ರಹಾಮರ ಬಳಗ ಊರೂರು ಅಲೆದು ಜನರಿಂದ ಚಿಲ್ಲರೆ ಹಣ ಕೂಡಿಸಿ ‘ಅಮ್ಮ ಅರಿಯಾನ್’ ತೆಗೆದು, 1986ರಲ್ಲಿ ಆ ಜನಕ್ಕೇ ಹಿಂದಿರುಗಿಸಿ ತೋರಿಸಿತು. ನಮ್ಮ ಜಿಲ್ಲಾ ಕೇಂದ್ರಗಳಲ್ಲಿ ರಂಗಮಂದಿರಗಳಿವೆ, ಕನ್ನಡ ಭವನಗಳಿವೆ; ಸನ್ಮಾನ ಸಮಾರಂಭವಿಲ್ಲದ ದಿನಗಳಲ್ಲಿ ಅವುಗಳ ಬೀಗಕ್ಕೆ ತುಕ್ಕು ಹಿಡಿಯುತ್ತಿರುತ್ತದೆ. ಪ್ರತಿ ಜಿಲ್ಲೆಯಲ್ಲಿ ಅಂಥ ಒಂದು ಕಟ್ಟಡದೊಳಗೆ 75 ಆಸನಗಳ ಕೋಣೆ, ಒಳ್ಳೆಯ ಪ್ರೊಜೆಕ್ಟರು, ಕೇಳಿಸುವಂಥ ಧ್ವನಿ, ಐವತ್ತು ರೂಪಾಯಿಯ ಟಿಕೆಟ್ಟು, ಸಂಜೆಯ ಆಟ. ಸಬ್ಸಿಡಿಯ ಒಂದು ಭಾಗವನ್ನು ಚಿತ್ರ ಅಲ್ಲಿ ಒಂದು ಸುತ್ತು ಬಂದ ಮೇಲೆಯೇ ಕೊಡತಕ್ಕದ್ದು. ಮಲ್ಟಿಪ್ಲೆಕ್ಸಿನವರು ಒಂದು ಪರದೆಯಲ್ಲಿ ಎರಡು ವಾರವಾದರೂ ಏಳು ಗಂಟೆಯ ಆಟವನ್ನು ಇಂಥ ಕನ್ನಡ ಚಿತ್ರಕ್ಕೆ ಬಿಟ್ಟುಕೊಡತಕ್ಕದ್ದು. ಮರಾಠಿ ಚಿತ್ರಗಳಿಗೆ ಮುಖ್ಯ ಸಮಯದ ಆಟವನ್ನು ಕೊಡಬೇಕೆಂದು 2015ರಲ್ಲಿ ಮಹಾರಾಷ್ಟ್ರ ಹಟ ಹಿಡಿದಾಗಲೂ ಆಕಾಶ ಬೀಳುವುದೆಂದು ಕೂಗೆದ್ದಿತ್ತು, ಬೀಳಲಿಲ್ಲ.

ಟಿಕೆಟ್ಟಿನ ಬೆಲೆಯ ವಿಚಾರವನ್ನು ನ್ಯಾಯಾಲಯ ನಿರ್ಣಯಿಸಲಿ. ಅದಕ್ಕೆ ವರ್ಷಗಳೇ ಹಿಡಿಯಬಹುದು. ರಂಗಮಂದಿರದ ಬೀಗ ತೆಗೆಯುವುದಕ್ಕೆ ಯಾವ ನ್ಯಾಯಾಲಯದ ಅಪ್ಪಣೆಯೂ ಬೇಕಾಗಿಲ್ಲ. ಕರಾವಳಿಯದೋ ಕೊಪ್ಪಳದ್ದೋ ಒಂದು ಚಿತ್ರ ನಮ್ಮೂರಿಗೆ ಬಂದ ಸಂಜೆ ಅಲ್ಲಿ ಹೋಗಿ ಕುಳಿತುಕೊಳ್ಳುವುದು ನನ್ನ ನಿಮ್ಮಂಥವರ ಪಾಲಿನ ಕೆಲಸ. ಆ ದಿನ ಊಟದ ಡಬ್ಬಿಯೊಡನೆ ಹಿಂದಿರುಗಿದ ವೃದ್ಧೆಗೆ ಹೇಳುವುದಕ್ಕೆ ಆಗ ಟಿಕೆಟ್ ಕಿಟಕಿಯ ಆ ಹುಡುಗನ ಬಳಿಯಲ್ಲಿಯೂ ಒಂದು ವಿಳಾಸವಿರುತ್ತದೆ.